‘ಏನಿಲ್ಲ’ ಅಂದರು, ಹಾಗಾದರೆ ನನಗಾಗಿದ್ದೇನು?

ಪ್ರಶ್ನೆ: ನನಗೆ ಮೂವತ್ತೆರಡು ವರ್ಷ, ಪ್ರೌಢಶಾಲೆಯಲ್ಲಿ ಶಿಕ್ಷಕಿ. ಐದು ತಿಂಗಳ ಹಿಂದೆ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಿದ್ದಾಗ ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಂಡು, ಉಸಿರು ಕಟ್ಟಿ, ಬೆರಳೆಲ್ಲ ಜುಮುಗುಟ್ಟಿ, ಇನ್ನೇನು ಪ್ರಾಣ ಹೋಯಿತು ಅನ್ನಿಸಿತು. ಬಸ್ ನಿಲ್ಲಿಸಿ ಆಸ್ಪತ್ರೆಗೆ ಸೇರಿಸಿದರು. ಇಸಿಜಿ, ಎಕೋ ಎಲ್ಲ ಸರಿಯಿದೆ, ‘ಏನಿಲ್ಲ, ಟೆನ್ಷನ್ ಮಾಡ್ಕೋಬೇಡಿ’ ಅಂದರು. ಆಮೇಲೆ ನಾಲ್ಕೈದು ಸಲ ಹಾಗೇ ಆಗಿದೆ. ಒಮ್ಮೆ ನಡುರಾತ್ರಿ ನಿದ್ದೆಯಿಂದಲೇ ಎಬ್ಬಿಸಿತು. ಅತ್ತೆ ದೃಷ್ಟಿ ಎಂದು ತಾಯತ ಕಟ್ಟಿಸಿದ್ದಾರೆ. ಯಜಮಾನರು ‘ಮನಸ್ಸು ಗಟ್ಟಿ ಮಾಡ್ಕೋ’ ಅನ್ನುತ್ತಾರೆ. ಈಗ ಬಸ್ ಹತ್ತುವುದನ್ನೇ ಬಿಟ್ಟಿದ್ದೇನೆ, ಅವರೇ ಬೈಕಿನಲ್ಲಿ ಶಾಲೆಗೆ ಬಿಟ್ಟುಬರುತ್ತಾರೆ. ಏನೂ ಇಲ್ಲದಿದ್ದರೆ ಹೀಗೇಕೆ ಆಗುತ್ತದೆ? ಇದಕ್ಕೆ ಔಷಧ ಇದೆಯೇ? ಕೆಲಸ ಬಿಟ್ಟುಬಿಡೋಣ ಅನ್ನಿಸುತ್ತಿದೆ.
— ಹೆಸರು ಬೇಡ, ತಿಪಟೂರು

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿಗೆ ಮೊದಲು ಉತ್ತರ ಕೊಡುತ್ತೇನೆ. ಕೆಲಸ ಬಿಡಬೇಡಿ. ಯಾಕೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಆಸ್ಪತ್ರೆಯಲ್ಲಿ ‘ಏನಿಲ್ಲ’ ಅಂದದ್ದು ಹೃದಯದ ಬಗ್ಗೆ. ಅದು ನಿಜ, ಒಳ್ಳೆಯ ಸುದ್ದಿಯೂ ಹೌದು. ಆದರೆ ಆ ಮಾತು ಅರ್ಧಕ್ಕೇ ನಿಂತಿತು. ‘ಹೃದಯಕ್ಕೆ ಏನಿಲ್ಲ, ನಿಮಗಾದದ್ದು ಬೇರೆ, ಅದಕ್ಕೊಂದು ಹೆಸರಿದೆ, ವಾಸಿಯಾಗುತ್ತದೆ’ ಎಂದು ಅದು ಮುಂದುವರಿಯಬೇಕಿತ್ತು. ವೃತ್ತಿಯ ಶುರುವಿನ ವರ್ಷಗಳಲ್ಲಿ ನಾನೂ ರಾತ್ರಿಪಾಳಿಯಲ್ಲಿ ಎಷ್ಟೋ ಜನರ ಇಸಿಜಿ ಹಾಳೆ ನೋಡಿ ‘ಏನಿಲ್ಲ, ಮನೆಗೆ ಹೋಗಿ’ ಎಂದು ಕಳಿಸಿದ್ದೇನೆ. ಕೆಲವರು ವಾರದೊಳಗೆ ಮತ್ತೆ ಬರುತ್ತಿದ್ದರು. ಎರಡನೇ ಸಲ ಅವರ ಮುಖದಲ್ಲಿ ಸಾವಿನ ಭಯದ ಜತೆಗೆ ನಾಚಿಕೆಯೂ ಇರುತ್ತಿತ್ತು. ಆ ನಾಚಿಕೆಯನ್ನು ಅವರಿಗೆ ಕೊಟ್ಟವರು ನಾವು, ವೈದ್ಯರು.

ಪತ್ರ ಓದಿ ರೋಗ ನಿರ್ಣಯ ಮಾಡುವುದು ಸರಿಯಲ್ಲ. ಆದರೂ ನೀವು ಬರೆದದ್ದೆಲ್ಲ ಪ್ಯಾನಿಕ್ ಡಿಸಾರ್ಡರ್ ಎಂಬ ಕಾಯಿಲೆಯ ಕಡೆಗೇ ಬೊಟ್ಟು ಮಾಡುತ್ತದೆ. ನಮ್ಮ ಮಾತಿನಲ್ಲಿ ಗಾಬರಿ ಕಾಯಿಲೆ ಅನ್ನೋಣ. ಇದು ಇಂದು ನಿನ್ನೆಯದಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಎದೆಬಡಿತ, ಉಬ್ಬಸ, ಎದೆನೋವು ಎಂದು ಆಸ್ಪತ್ರೆ ಸೇರಿದ ಸೈನಿಕರನ್ನು ಪರೀಕ್ಷಿಸಿದ ಜೇಕಬ್ ಡ ಕೋಸ್ಟಾ ಎಂಬ ವೈದ್ಯ, ಇವರ ಹೃದಯದ ರಚನೆಯಲ್ಲಿ ಊನ ಕಾಣುತ್ತಿಲ್ಲ, ಸಂಕಟ ಮಾತ್ರ ಸುಳ್ಳಲ್ಲ ಎಂದು 1871ರಲ್ಲೇ ಬರೆದ. ‘ಕೆರಳಿದ ಹೃದಯ’ ಎಂದು ಅದನ್ನು ಕರೆದ. ಮನೋವೈದ್ಯರ ಅಧಿಕೃತ ಕೈಪಿಡಿಯಲ್ಲಿ ಪ್ಯಾನಿಕ್ ಡಿಸಾರ್ಡರ್ ಎಂಬ ಹೆಸರಿಗೆ ಪ್ರತ್ಯೇಕ ಜಾಗ ಸಿಕ್ಕಿದ್ದು 1980ರಲ್ಲಿ. ನಡುವಿನ ನೂರಕ್ಕೂ ಹೆಚ್ಚು ವರ್ಷ ಈ ಕಾಯಿಲೆಯವರು ಹೃದಯದ ಡಾಕ್ಟರರಿಂದ ನರದ ಡಾಕ್ಟರರಿಗೆ, ಅಲ್ಲಿಂದ ಮಂತ್ರ ಹಾಕುವವರ ಬಳಿಗೆ ಅಲೆದರು. ಈಗಲೂ ಅಲೆಯುತ್ತಿದ್ದಾರೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ: ಏನೂ ಇಲ್ಲದೆ ಹೀಗೇಕೆ?

ತೆಂಗಿನ ತೋಟದ ಬದುವಿನ ಮೇಲೆ ನಡೆಯುವಾಗ ಕಾಲ ಬಳಿ ನಾಗರಹಾವು ಹೆಡೆಯೆತ್ತಿತು ಎಂದುಕೊಳ್ಳಿ. ಕ್ಷಣದಲ್ಲಿ ಅಡ್ರಿನಲಿನ್ ರಕ್ತಕ್ಕೆ ನುಗ್ಗುತ್ತದೆ. ಓಡಲು ಬೇಕಾದ ತೊಡೆಯ ಸ್ನಾಯುಗಳಿಗೆ ರಕ್ತ ಒದಗಿಸಲು ಹೃದಯ ಬಡಿತ ಏರಿಸುತ್ತದೆ. ಚರ್ಮದ ಕಡೆಗೆ ರಕ್ತ ಕಡಿಮೆಯಾಗಿ ಅಂಗೈ ತಣ್ಣಗಾಗುತ್ತದೆ. ಉಸಿರು ದುಪ್ಪಟ್ಟಾಗುತ್ತದೆ, ಬೆವರು ಕಿತ್ತು ಬರುತ್ತದೆ, ಹೊಟ್ಟೆಯೊಳಗೆ ತೊಳಸಿದ ಹಾಗಾಗುತ್ತದೆ. ಇವೆಲ್ಲ ಆಗುತ್ತಿದೆ ಎಂಬುದು ಆಗ ನಿಮ್ಮ ಗಮನಕ್ಕೇ ಬರುವುದಿಲ್ಲ, ಏಕೆಂದರೆ ಕಣ್ಣು ಹಾವಿನ ಮೇಲಿರುತ್ತದೆ. ಓಡಿ ಮನೆ ಸೇರಿದ ಮೇಲೆ ‘ಅಬ್ಬಾ, ಜೀವ ಬಾಯಿಗೆ ಬಂದಿತ್ತು’ ಎಂದು ಕತೆ ಹೇಳುತ್ತೀರಿ, ಅಲ್ಲಿಗೆ ಮುಗಿಯಿತು.

ಅವತ್ತು ಬಸ್ಸಿನಲ್ಲಿ ನಡೆದದ್ದೂ ಇದೇ, ಒಂದೇ ಒಂದು ಕೊರತೆ: ಹಾವು ಇರಲಿಲ್ಲ. ದೇಹದ ಅಪಾಯದ ಗಂಟೆ ತಾನೇ ಹೊಡೆದುಕೊಂಡಿತು. ಹೊರಗೆ ಹಾವು ಕಾಣದಾಗ ಮನಸ್ಸು ಒಳಗೆ ಹುಡುಕುತ್ತದೆ, ಹಾರುತ್ತಿರುವ ಎದೆಯನ್ನೇ ಹಾವೆಂದು ತಿಳಿಯುತ್ತದೆ. ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹುಚ್ಚು ಹಿಡಿಯುತ್ತಿದೆ ಎಂದೆಲ್ಲ ಹೆದರುತ್ತದೆ. ಹೆದರಿದಷ್ಟೂ ಅಡ್ರಿನಲಿನ್, ಅದು ಹೆಚ್ಚಿದಷ್ಟೂ ಎದೆಬಡಿತ, ಬಡಿತ ಹೆಚ್ಚಿದಷ್ಟೂ ಹೆದರಿಕೆ. ಗಾಣದೆತ್ತಿನ ಹಾಗೆ ಸುತ್ತುವ ಈ ಸುತ್ತನ್ನು 1986ರಲ್ಲಿ ಆಕ್ಸ್‌ಫರ್ಡ್‌ನ ಡೇವಿಡ್ ಕ್ಲಾರ್ಕ್ ಸ್ಪಷ್ಟವಾಗಿ ವಿವರಿಸಿದರು. ಇಂದಿನ ಮಾತಿನ ಚಿಕಿತ್ಸೆ ಬಹುಮಟ್ಟಿಗೆ ಅದರ ಮೇಲೇ ನಿಂತಿದೆ.

ಉಸಿರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಉಸಿರು ಕಟ್ಟುತ್ತಿದೆ ಎಂದು ಅನ್ನಿಸುವ ಆ ಹೊತ್ತಿನಲ್ಲಿ ನೀವು ನಿಜಕ್ಕೂ ಬೇಕಾದ್ದಕ್ಕಿಂತ ಹೆಚ್ಚು ಉಸಿರಾಡುತ್ತಿರುತ್ತೀರಿ. ರಕ್ತದಲ್ಲಿ ಇರಬೇಕಾದ ಇಂಗಾಲದ ಡೈಆಕ್ಸೈಡ್‌ನಲ್ಲಿ ಒಂದಷ್ಟು ಹೊರಟುಹೋಗುತ್ತದೆ. ಅದರಿಂದ ಮಿದುಳಿನ ರಕ್ತನಾಳಗಳು ಕೊಂಚ ಕಿರಿದಾಗಿ ತಲೆ ಹಗುರಾಗುತ್ತದೆ, ಸುತ್ತಲಿನದೆಲ್ಲ ಕನಸಿನಂತೆ ಕಾಣುತ್ತದೆ, ಬೆರಳ ತುದಿ ಮತ್ತು ತುಟಿಯ ಸುತ್ತ ಜುಮುಗುಡುತ್ತದೆ. ನೋಡಲು ಭಯಂಕರ, ಆದರೆ ಉಸಿರು ಹದಕ್ಕೆ ಬಂದೊಡನೆ ಮಾಯ. ತಲೆ ತಿರುಗಿದರೂ ನೀವು ಅವತ್ತು ಬೀಳಲಿಲ್ಲ ಅಲ್ಲವೇ? ಮೂರ್ಛೆ ಹೋಗಬೇಕಾದರೆ ಸಾಮಾನ್ಯವಾಗಿ ರಕ್ತದೊತ್ತಡ ಕುಸಿಯಬೇಕು, ಗಾಬರಿಯಲ್ಲಿ ಅದು ಏರುತ್ತದೆ. ಇನ್ನೊಂದು ಸಂಗತಿ ನೆನಪಿಡಿ. ಈ ಅಲೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ಅರ್ಧ ಗಂಟೆಯ ಹೊತ್ತಿಗೆ ಇಳಿದುಬಿಡುತ್ತದೆ. ನೀವು ಏನೂ ಮಾಡದಿದ್ದರೂ ಇಳಿಯುತ್ತದೆ.

ಗಂಟೆ ತಾನಾಗಿ ಹೇಗೆ ಹೊಡೆದುಕೊಳ್ಳುತ್ತದೆ? ಅಮೆರಿಕದ ಅಯೋವಾದ ಸಂಶೋಧಕರು ವರ್ಷಗಟ್ಟಲೆ ಅಭ್ಯಾಸ ಮಾಡಿದ ಒಬ್ಬ ಮಹಿಳೆಯ ಮಿದುಳಿನಲ್ಲಿ ಭಯಕ್ಕೆ ಮುಖ್ಯವಾದ ಅಮಿಗ್ಡಲ ಎಂಬ ಭಾಗ ಎರಡೂ ಕಡೆ ಹಾಳಾಗಿತ್ತು. ಆಕೆ ನಿಜವಾದ ಹಾವನ್ನು ಕೈಯಲ್ಲಿ ಹಿಡಿದರೂ ಹೆದರಲಿಲ್ಲ. ಅದೇ ಮಹಿಳೆಗೆ ಇಂಗಾಲದ ಡೈಆಕ್ಸೈಡ್ ಹೆಚ್ಚು ಬೆರೆಸಿದ ಗಾಳಿಯನ್ನು ಒಮ್ಮೆ ಉಸಿರಾಡಲು ಕೊಟ್ಟಾಗ ಆಕೆ ತೀವ್ರ ಗಾಬರಿಗೆ ಒಳಗಾದಳು. 2013ರಲ್ಲಿ ಪ್ರಕಟವಾದ ಈ ವರದಿ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಹೊರಗಿನ ಅಪಾಯಕ್ಕೆ ಹೆದರುವುದು ಬೇರೆ, ದೇಹದೊಳಗಿನಿಂದಲೇ ಏಳುವ ಗಾಬರಿ ಬೇರೆ. ಹಾವಿಗೆ ಹೆದರದವರಿಗೂ ಎರಡನೆಯದು ಬರಬಹುದು. ‘ಮನಸ್ಸು ಗಟ್ಟಿ ಮಾಡ್ಕೋ’ ಎನ್ನುವ ನಿಮ್ಮ ಯಜಮಾನರಿಗೆ ದಯವಿಟ್ಟು ಇದನ್ನು ಓದಿ ಹೇಳಿ. ನಡುರಾತ್ರಿ ನಿದ್ದೆಯಲ್ಲಿ ಬಂದದ್ದಕ್ಕೂ ಯಾರ ಮನಸ್ಸಿನ ದೌರ್ಬಲ್ಯವೂ ಕಾರಣವಲ್ಲ. ಈ ಕಾಯಿಲೆಯವರಲ್ಲಿ ಅನೇಕರಿಗೆ ಹಾಗಾಗುತ್ತದೆ, ಕೆಟ್ಟ ಕನಸೂ ಬಿದ್ದಿರುವುದಿಲ್ಲ.

ಒಂದೆರಡು ಸಲ ಇಂಥ ಗಾಬರಿಯ ಅಲೆ ಬಂದು ಹೋದವರು ನಮ್ಮ ಸುತ್ತ ಬಹಳ ಜನರಿದ್ದಾರೆ. ಅದು ಕಾಯಿಲೆಯಲ್ಲ. ಹೇಳದೆ ಕೇಳದೆ ಮತ್ತೆ ಮತ್ತೆ ಬಂದು, ‘ಇನ್ನೊಮ್ಮೆ ಬಂದರೆ?’ ಎಂಬ ಚಿಂತೆ ಒಂದು ತಿಂಗಳಾದರೂ ಕಾಡಿ, ಆ ಚಿಂತೆಗೆ ತಕ್ಕಂತೆ ಬದುಕೇ ಬದಲಾಗತೊಡಗಿದರೆ ಆಗ ಕಾಯಿಲೆ. ಜೀವಮಾನದಲ್ಲಿ ನೂರರಲ್ಲಿ ಎರಡು ಮೂರು ಜನರಿಗೆ ಇದು ಬರುತ್ತದೆ, ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು. ಶುರುವಾಗುವುದು ಹೆಚ್ಚಾಗಿ ಇಪ್ಪತ್ತು ಮೂವತ್ತರ ಪ್ರಾಯದಲ್ಲಿ, ದುಡಿಯುವ, ಮನೆ ನಡೆಸುವ ವಯಸ್ಸಿನಲ್ಲಿ.

ಹೃದಯದ ಮಾತು ಪೂರ್ತಿ ಮುಗಿಸದೆ ಮುಂದೆ ಹೋಗಲಾರೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡ ಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆಂದು ಜನ ಸಾಲುಗಟ್ಟಿದ್ದು ನಿಮಗೆ ನೆನಪಿರಬಹುದು. 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಬಂದಾಗಲೂ ಹಾಗೇ ಆಯಿತು. ಆ ಜನರನ್ನು ನಾನು ತಪ್ಪು ಎನ್ನುವುದಿಲ್ಲ. ಮೊದಲ ಸಲ ಎದೆಯಲ್ಲಿ ಸಂಕಟವಾದರೆ ಆಸ್ಪತ್ರೆಗೆ ಹೋಗಲೇಬೇಕು, ‘ಇದು ಪ್ಯಾನಿಕ್ ಇರಬೇಕು’ ಎಂದು ಯಾರೂ ಮನೆಯಲ್ಲಿ ಕುಳಿತು ತೀರ್ಮಾನಿಸಬಾರದು. ನಡೆದಾಗ, ಮೆಟ್ಟಿಲು ಹತ್ತಿದಾಗ ಹೆಚ್ಚಾಗುವ ಎದೆನೋವು, ಎಡತೋಳಿಗೋ ದವಡೆಗೋ ಹರಡುವ ನೋವು, ನಿಜಕ್ಕೂ ಪ್ರಜ್ಞೆ ತಪ್ಪುವುದು, ಸಕ್ಕರೆ ಕಾಯಿಲೆಯೋ ಬಿಪಿಯೋ ಇದ್ದವರಿಗೆ ಹೊಸದಾಗಿ ಆಗುವ ಎದೆಭಾರ ಇವುಗಳಲ್ಲಿ ತಡಮಾಡುವಂತಿಲ್ಲ. ನಿಮ್ಮ ವಿಷಯದಲ್ಲಿ ಇಸಿಜಿ, ಎಕೋ ಆಗಿವೆ. ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ ಪರೀಕ್ಷೆ ಆಗಿರದಿದ್ದರೆ ಅವನ್ನೂ ಒಮ್ಮೆ ಮಾಡಿಸಿ. ಥೈರಾಯ್ಡ್ ಹೆಚ್ಚಾದರೂ, ರಕ್ತಹೀನತೆಯಿದ್ದರೂ ಎದೆ ಹೀಗೇ ಹಾರುತ್ತದೆ. ದಿನಕ್ಕೆ ನಾಲ್ಕೈದು ಲೋಟ ಕಾಫಿ ಕುಡಿಯುವವರಾದರೆ ಕಡಿಮೆ ಮಾಡಿ. ಅಷ್ಟಾದ ಮೇಲೆ ತಪಾಸಣೆ ನಿಲ್ಲಿಸಿ. ಹತ್ತನೇ ಇಸಿಜಿಯಿಂದ ಸಿಗುವ ನೆಮ್ಮದಿ ಎರಡು ದಿನದ್ದು.

ಇಲ್ಲಿಗೆ ಬಂದರೆ ನಾನು ಹೇಳಬೇಕೆಂದಿದ್ದ ಅಸಲು ಮಾತಿಗೆ ಬಂದಂತೆ. ಈ ಕಾಯಿಲೆಯನ್ನು ಬೆಳೆಸುವುದು ಗಾಬರಿಯ ಆ ಅರ್ಧ ಗಂಟೆಯಲ್ಲ. ಅದು ಮತ್ತೆ ಬಾರದಿರಲಿ ಎಂದು ನಾವು ಮಾಡಿಕೊಳ್ಳುವ ಏರ್ಪಾಡು.

ನನ್ನ ಬಳಿ ಬರುವವರ ಚೀಲದಲ್ಲಿ ಏನೇನಿರುತ್ತದೆ ಎಂದು ನೋಡಿದ್ದೇನೆ. ನೀರಿನ ಬಾಟಲಿ, ಗ್ಯಾಸಿನ ಮಾತ್ರೆ, ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್, ಹಳೆಯ ಇಸಿಜಿಗಳ ಕಟ್ಟು, ಒಂದು ನಿಂಬೆಹಣ್ಣು. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು, ಮದುವೆ ಮನೆಯಲ್ಲಿ ಕೊನೆಯ ಸಾಲಿನ ಕುರ್ಚಿ, ಹೋದ ಊರಿನಲ್ಲಿ ಆಸ್ಪತ್ರೆ ಎಲ್ಲಿದೆ ಎಂದು ಮೊದಲೇ ವಿಚಾರಿಸುವುದು, ಪಕ್ಕದಲ್ಲಿ ಯಾರಾದರೂ ಇರಲೇಬೇಕು ಎನ್ನುವುದು. ಒಂದೊಂದೂ ಸಣ್ಣ ಎಚ್ಚರಿಕೆಯೇ, ತಪ್ಪೆನ್ನುವಂಥದ್ದಲ್ಲ. ಆದರೆ ‘ಬೈಕಿನಲ್ಲಿ ಹೋದೆ, ಅದಕ್ಕೇ ಏನೂ ಆಗಲಿಲ್ಲ’ ಎಂದು ಮನಸ್ಸು ಲೆಕ್ಕ ಬರೆದುಕೊಳ್ಳುತ್ತದೆ. ಬಸ್ಸಿನಲ್ಲಿ ಹೋಗಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ಕಲಿಯುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ. ಹೀಗೆ ಇವತ್ತು ಬಸ್ಸು ಹೋಯಿತು. ನಾಳೆ ಸಂತೆ ಹೋಗುತ್ತದೆ, ಆಮೇಲೆ ಜಾತ್ರೆ, ಶಾಲೆಯ ಪ್ರಾರ್ಥನೆಯ ಸಾಲು, ಕೊನೆಗೆ ಮನೆಯಲ್ಲಿ ಒಬ್ಬರೇ ಇರುವುದೂ. ಇದಕ್ಕೆ ಅಗೊರಫೋಬಿಯಾ ಅನ್ನುತ್ತಾರೆ. ಒಂದು ಕೋಣೆಯಿಂದಾಚೆ ವರ್ಷಗಟ್ಟಲೆ ಕಾಲಿಡದವರನ್ನು ನಾನು ಕಂಡಿದ್ದೇನೆ. ಕೆಲಸ ಬಿಡಬೇಡಿ ಎಂದು ಮೊದಲ ಸಾಲಿನಲ್ಲೇ ಬರೆದದ್ದು ಈ ಕಾರಣಕ್ಕೆ. ರಾಜೀನಾಮೆ ಕೊಟ್ಟ ದಿನ ನಿಮಗೆ ದೊಡ್ಡ ನಿರಾಳವಾಗುತ್ತದೆ, ಆ ನಿರಾಳವೇ ಕಾಯಿಲೆಗೆ ಗೊಬ್ಬರ.

ಹಗ್ಗವನ್ನು ಹಾವೆಂದು ಕಂಡು ಬೆದರಿದವರಿಗೆ ‘ಅದು ಹಗ್ಗ’ ಎಂದು ದೂರದಿಂದ ಹತ್ತು ಸಲ ಹೇಳಿದರೂ ಅಷ್ಟಕ್ಕಷ್ಟೇ. ಅವರೇ ಹತ್ತಿರ ಹೋಗಿ ಮುಟ್ಟಬೇಕು. ಸಿಬಿಟಿ ಎಂದು ಕರೆಯುವ ಮಾತಿನ ಚಿಕಿತ್ಸೆಯಲ್ಲಿ ಮಾಡಿಸುವುದು ಇದನ್ನೇ. ಚಿಕಿತ್ಸಕರು ಮೊದಲು ನಿಮಗಾಗುವ ಗಾಬರಿಯ ಸುತ್ತನ್ನು ನಿಮ್ಮಿಂದಲೇ ಬರೆಸುತ್ತಾರೆ. ಬಳಿಕ ಗಾಬರಿಯ ಅನುಭವಗಳನ್ನು ಬೇಕೆಂದೇ ಬರಿಸುತ್ತಾರೆ. ತಿರುಗುವ ಕುರ್ಚಿಯಲ್ಲಿ ಒಂದು ನಿಮಿಷ ಸುತ್ತಿಸಿ ತಲೆ ತಿರುಗಿಸುತ್ತಾರೆ, ನಿಂತಲ್ಲೇ ಓಡಿಸಿ ಎದೆಬಡಿತ ಏರಿಸುತ್ತಾರೆ, ಸಣ್ಣ ಸ್ಟ್ರಾದಲ್ಲಿ ಉಸಿರಾಡಿಸಿ ಉಸಿರು ಸಾಲದು ಅನ್ನಿಸುತ್ತಾರೆ. ಎದೆ ಎಷ್ಟು ಹಾರಿದರೂ ಪ್ರಾಣ ಹೋಗಲಿಲ್ಲ ಎಂಬುದನ್ನು ದೇಹವೇ ಕಲಿಯಬೇಕು, ಪುಸ್ತಕ ಓದಿ ಕಲಿಯುವಂಥದ್ದಲ್ಲ. ಹೃದಯದ ತೊಂದರೆ, ಅಸ್ತಮಾ, ಫಿಟ್ಸ್ ಇದ್ದವರು, ಗರ್ಭಿಣಿಯರು ಇವನ್ನು ವೈದ್ಯರನ್ನು ಕೇಳದೆ ಮಾಡಬಾರದು.

ಅದಾದ ಮೇಲೆ ಬಸ್ಸು. ಹೆದರುವವರ ಮೇಲೆ ಹಾವು ಎಸೆಯುವ ಕೆಲಸವಲ್ಲ ಇದು, ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. ಮೊದಲ ವಾರ ನಿಂತಿರುವ ಬಸ್ಸನ್ನು ಹತ್ತಿ ಐದು ನಿಮಿಷ ಕುಳಿತು ಇಳಿಯಿರಿ. ಆಮೇಲೆ ಯಜಮಾನರ ಜತೆ ಒಂದು ಸ್ಟಾಪು. ಮುಂದೆ ಅವರು ಬೈಕಿನಲ್ಲಿ ಹಿಂದೆ ಬರಲಿ, ನೀವೊಬ್ಬರೇ ಬಸ್ಸಿನಲ್ಲಿರಿ. ಬಳಿಕ ನಿಮ್ಮೂರಿನ ಹತ್ತಿರದ ಕೆ.ಬಿ. ಕ್ರಾಸ್‌ವರೆಗೆ ಒಬ್ಬರೇ, ಬಾಗಿಲ ಪಕ್ಕ ಕೂರದೆ, ನೀರಿನ ಬಾಟಲಿ ಇಲ್ಲದೆ. ಗಾಬರಿ ಬಂದರೆ ಇಳಿಯಬೇಡಿ. ಅದು ಏರಿ ಇಳಿಯುವವರೆಗೆ ಕುಳಿತಿರಿ. ಗಾಬರಿ ತುದಿಯಲ್ಲಿರುವಾಗ ಇಳಿದುಬಿಟ್ಟರೆ ಓಡಿದ್ದರಿಂದಲೇ ಬದುಕಿದೆ ಎಂಬ ಹಳೆಯ ಪಾಠ ಇನ್ನೊಮ್ಮೆ ಗಟ್ಟಿಯಾಗುತ್ತದೆ. ನಿಧಾನ ಉಸಿರಾಟ, ಪ್ರಾಣಾಯಾಮ ಒಳ್ಳೆಯದೇ, ದಿನವೂ ಮಾಡಿ. ಆದರೆ ‘ಉಸಿರಾಟ ಮಾಡದಿದ್ದರೆ ಸತ್ತೇಹೋಗುತ್ತಿದ್ದೆ’ ಅನ್ನಿಸತೊಡಗಿದರೆ ಅದೂ ಇನ್ನೊಂದು ತಾಯತವಾಯಿತು ಎಂದರ್ಥ. ಮುಖಕ್ಕೆ ಕಾಗದದ ಚೀಲ ಹಿಡಿದು ಉಸಿರಾಡುವ ಸಿನಿಮಾ ಉಪಾಯ ಬೇಡ. ತೊಂದರೆ ನಿಜಕ್ಕೂ ಹೃದಯದ್ದೋ ಶ್ವಾಸಕೋಶದ್ದೋ ಆಗಿದ್ದರೆ ಅದು ಅಪಾಯ.

ಔಷಧ ಇದೆಯೇ ಎಂದು ಕೇಳಿದ್ದೀರಿ. ಇದೆ, ಚೆನ್ನಾಗಿ ಕೆಲಸ ಮಾಡುತ್ತದೆ. ಅದು ಗೊತ್ತಾದ ರೀತಿಯೇ ಪಾಠದಂತಿದೆ. 1959ರ ಸುಮಾರಿಗೆ ನ್ಯೂಯಾರ್ಕ್‌ನ ಹಿಲ್‌ಸೈಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಕ್ಲೈನ್ ಎಂಬ ಮನೋವೈದ್ಯರು ಇಂಥ ಕೆಲವು ರೋಗಿಗಳಿಗೆ ಇಮಿಪ್ರಮಿನ್ ಎಂಬ ಹೊಸ ಮಾತ್ರೆ ಕೊಟ್ಟರು. ಕೆಲವು ವಾರ ಕಳೆದರೂ ರೋಗಿಗಳು ಗುಣ ಕಂಡಿಲ್ಲ ಎನ್ನುತ್ತಿದ್ದರು. ಬದಲಾವಣೆ ಗಮನಿಸಿದವರು ವಾರ್ಡಿನ ದಾದಿಯರು. ಸಾಯುತ್ತಿದ್ದೇನೆ ಎಂದು ದಿನಕ್ಕೆ ಹಲವು ಸಲ ತಮ್ಮ ಬಳಿ ಓಡಿಬರುತ್ತಿದ್ದವರು ಬರುವುದನ್ನು ನಿಲ್ಲಿಸಿದ್ದರು. ಗಾಬರಿಯ ಅಲೆಗಳು ನಿಂತಿದ್ದವು, ಆದರೆ ಹೊರಗೆ ಒಬ್ಬರೇ ಹೋಗುವ ಭಯ ಹಾಗೇ ಉಳಿದಿತ್ತು. ಮಾತ್ರೆ ಅಲೆಯನ್ನು ತಗ್ಗಿಸುತ್ತದೆ, ಬಸ್ಸನ್ನು ಮಾತ್ರ ನೀವೇ ಹತ್ತಬೇಕು.

ಈಗ ಮೊದಲಿಗೆ ಕೊಡುವುದು ಎಸ್ಸಿಟಾಲೋಪ್ರಾಮ್, ಸರ್ಟ್ರಲೀನ್, ಪ್ಯಾರಾಕ್ಸೆಟಿನ್ ಮುಂತಾದ ಮಾತ್ರೆಗಳು. ನಿದ್ದೆ ಮಾತ್ರೆಗಳಲ್ಲ, ಚಟ ಹಿಡಿಸುವಂಥವೂ ಅಲ್ಲ. ಮೊದಲ ಒಂದೆರಡು ವಾರ ಚಡಪಡಿಕೆ, ವಾಕರಿಕೆ ಹೆಚ್ಚಾಗಬಹುದು. ಇದನ್ನು ಮೊದಲೇ ಯಾರೂ ಹೇಳದಿದ್ದರೆ ‘ಮಾತ್ರೆ ಆಗಿಬರಲಿಲ್ಲ’ ಎಂದು ಜನ ಬಿಟ್ಟುಬಿಡುತ್ತಾರೆ. ಅದಕ್ಕೇ ಸಣ್ಣ ಪ್ರಮಾಣದಿಂದ ಶುರುಮಾಡುತ್ತಾರೆ. ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು. ಗುಣವಾದ ಮೇಲೂ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು, ತಟ್ಟನೆ ನಿಲ್ಲಿಸಬಾರದು. ಗರ್ಭಿಣಿಯಾಗಿದ್ದರೆ, ಆಗುವ ಯೋಚನೆಯಿದ್ದರೆ, ಮೊದಲ ಭೇಟಿಯಲ್ಲೇ ಹೇಳಿ.

ಆಲ್ಪ್ರಜೋಲಮ್, ಕ್ಲೋನಜೆಪಾಮ್ ಬೇರೆ ಜಾತಿಯವು. ಅರ್ಧ ಗಂಟೆಯಲ್ಲಿ ಹಾಯೆನಿಸುತ್ತವೆ, ಅಪಾಯ ಇರುವುದೂ ಅಲ್ಲೇ. ವಾರಗಟ್ಟಲೆ ನುಂಗಿದರೆ ದೇಹ ಅವಕ್ಕೆ ಒಗ್ಗಿಕೊಳ್ಳುತ್ತದೆ. ತಟ್ಟನೆ ಬಿಟ್ಟರೆ ಗಾಬರಿ ಮೊದಲಿಗಿಂತ ಜೋರಾಗಿ ಮರಳುತ್ತದೆ, ಫಿಟ್ಸ್ ಕೂಡ ಬರಬಹುದು. ಆರಂಭದ ಕೆಲವು ವಾರ ವೈದ್ಯರು ಕೊಟ್ಟರೆ ಅಷ್ಟಕ್ಕೇ ಸರಿ. ಚೀಟಿಯಿಲ್ಲದೆ ಮೆಡಿಕಲ್ ಶಾಪಿನಲ್ಲಿ ತಂದು ವರ್ಷಗಟ್ಟಲೆ ನುಂಗುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ನೀವಾಗಿ ನಿಲ್ಲಿಸಬೇಡಿ, ವೈದ್ಯರಿಗೆ ತೋರಿಸಿ ಇಳಿಸಿಕೊಳ್ಳಿ.

ಅತ್ತೆಯವರ ಜತೆ ತಾಯತದ ವಿಷಯಕ್ಕೆ ಜಗಳ ಬೇಡ. ಅವರು ಕಟ್ಟಿದ್ದು ಪ್ರೀತಿಯಿಂದ. ಚಿಕಿತ್ಸೆ ತಪ್ಪಿಸದಿದ್ದರೆ ಸಾಕು. ಯಜಮಾನರಿಗೆ ನನ್ನದೊಂದು ಕೋರಿಕೆ. ಮುಂದಿನ ಸಲ ಗಾಬರಿ ಬಂದಾಗ ‘ಏನಾಗಲ್ಲ ಬಿಡು’ ಎಂದು ಗದರಿಸಬೇಡಿ, ಹೌಹಾರಿ ಆಟೋ ಕರೆಯಲೂ ಬೇಡಿ. ಪಕ್ಕದಲ್ಲಿ ಕುಳಿತು, ‘ಬಂದಿದೆ, ಹೋಗುತ್ತೆ, ನಾನಿಲ್ಲೇ ಇದ್ದೀನಿ’ ಅನ್ನಿ, ಅಷ್ಟೇ. ಬೈಕಿನಲ್ಲಿ ಬಿಟ್ಟುಬರುವ ನಿಮ್ಮ ಅಕ್ಕರೆ ದೊಡ್ಡದು, ಅದನ್ನು ದಿನಕ್ಕಿಷ್ಟೆಂದು ಕಡಿಮೆ ಮಾಡುತ್ತ ಬರುವುದು ಇನ್ನೂ ದೊಡ್ಡದು.

ಎಲ್ಲಿಗೆ ಹೋಗುವುದು? ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ, ಆದರೆ ಈ ಕಾಯಿಲೆಗೆ ಅಷ್ಟು ದೂರ ಹೋಗಲೇಬೇಕೆಂದಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುತ್ತಾರೆ, ಸಾಮಾನ್ಯವಾಗಿ ಮಂಗಳವಾರ. ನಿಮ್ಮಲ್ಲಿ ಯಾವ ದಿನ ಎಂದು ಕೇಳಿಕೊಂಡು ಹೋಗಿ. ಮನೆಯಿಂದಲೇ ಮಾತನಾಡಬೇಕೆಂದರೆ 14416 ಟೆಲಿ ಮಾನಸ್ ಸಂಖ್ಯೆ, 2022ರ ಅಕ್ಟೋಬರ್ 10ರಂದು ಶುರುವಾದದ್ದು. ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಗಾಬರಿಯ ಜತೆಗೆ ಯಾವುದರಲ್ಲೂ ಆಸೆ ಇಲ್ಲದಂತಾಗುವುದು, ಬದುಕೇ ಬೇಡ ಅನ್ನಿಸುವುದು ಇದ್ದರೆ ನಾಳೆಗೆ ಬಿಡಬೇಡಿ, ಇವತ್ತೇ ಕರೆಮಾಡಿ.

ಚಿಕಿತ್ಸೆ ಪಡೆದವರಲ್ಲಿ ಬಹುಪಾಲು ಜನ ಚೇತರಿಸಿಕೊಂಡು ಮೊದಲಿನಂತೆ ಓಡಾಡುತ್ತಾರೆ. ಮಧ್ಯೆ ಒಂದೊಂದು ಸಲ ಗಾಬರಿ ಮರುಕಳಿಸಬಹುದು, ಅದಕ್ಕೆ ಎದೆಗುಂದಬೇಡಿ, ಕಲಿತದ್ದು ಕೈಬಿಟ್ಟು ಹೋಗಿರುವುದಿಲ್ಲ. ರಾಜೀನಾಮೆ ಪತ್ರ ಬರೆದಿಟ್ಟಿದ್ದರೆ ನಾಲ್ಕು ತಿಂಗಳು ಅದನ್ನು ಬೀರುವಿನಲ್ಲೇ ಇಡಿ. ಈ ವಾರ ವೈದ್ಯರನ್ನು ನೋಡಿ, ಮುಂದಿನ ವಾರ ನಿಂತಿರುವ ಬಸ್ಸಿನಲ್ಲಿ ಐದು ನಿಮಿಷ ಕುಳಿತು ಬನ್ನಿ. ಹೇಗಾಯಿತು ಎಂದು ನನಗೆ ಬರೆಯಿರಿ.